ಬಲಿಪೀಠದ ಬಟ್ಟೆಯ ಇನ್ನೊಂದು ತುದಿ

ದೇವರ ಕೆಲಸ ಅಂತ ಕೈ ಹಾಕಿದವರ ಕೈಯಲ್ಲೇ ಎಡವಟ್ಟುಗಳು ಜಾಸ್ತಿ ಆಗುತ್ತವೆ. ಇದನ್ನು ನಾನು ಹೊಸಪೇಟೆಯ ನಮ್ಮ ಚರ್ಚಿನ ಸೇವಾ ಮಂಡಳಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಸಂಬಳದ ಕೆಲಸದಲ್ಲಿ ತಪ್ಪಾದರೆ ಒಂದು ಮೆಮೊ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ಸೇವೆಯಲ್ಲಿ ತಪ್ಪಾದರೆ ಯಾರೂ ಏನೂ ಅನ್ನುವುದಿಲ್ಲ. ನಕ್ಕು, ಬೆನ್ನು ತಟ್ಟಿ, ಮುಂದಿನ ಹತ್ತು ವರ್ಷ ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ನನ್ನ ಬಗ್ಗೆ ಹಾಗೆ ತಿರುಗುತ್ತಿರುವ ಕತೆಗಳು ನಾಲ್ಕೈದಿವೆ. ಬೇರೆಯವರ ಬಾಯಲ್ಲಿ ಅವು ಸಿಕ್ಕಾಪಟ್ಟೆ ಬೆಳೆದಿವೆ. ಮೂವತ್ತು ವರ್ಷ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವನು ನಾನು, ಅಳತೆ ತಪ್ಪಿದರೆ ಸಹಿಸಲಾರೆ. ಅದಕ್ಕೇ ನಾನೇ ಹೇಳಿಬಿಡುತ್ತೇನೆ.

೧. ಚೀಲ

ನಮ್ಮ ಚರ್ಚಿನ ಬಲಿಪೀಠದ ಬಟ್ಟೆಗಳನ್ನು ಇಪ್ಪತ್ತೆರಡು ವರ್ಷ ಒಗೆದವಳು ನನ್ನ ಹೆಂಡತಿ. ಭಾನುವಾರ ಪೂಜೆ ಮುಗಿದ ಮೇಲೆ ಸಿಸ್ಟರ್ ಒಂದು ಬಟ್ಟೆ ಚೀಲ ಕೊಡುತ್ತಿದ್ದರು. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಶನಿವಾರ ಸಂಜೆ ವಾಪಸು. ಈ ಸೇವೆಯಲ್ಲಿ ನನ್ನ ಪಾಲು ಎರಡೇ. ಒಂದು, ಚೀಲವನ್ನು ಸ್ಕೂಟರಿಗೆ ನೇತು ಹಾಕಿಕೊಂಡು ತರುವುದು. ಇನ್ನೊಂದು, ದೊಡ್ಡ ಬಟ್ಟೆ ಮಡಚುವಾಗ ಆ ಕಡೆಯ ತುದಿ ಹಿಡಿಯುವುದು. ಸೀರೆಯಷ್ಟು ಉದ್ದದ ಬಟ್ಟೆ ಅದು, ಒಬ್ಬರಿಂದ ಆಗುವುದಿಲ್ಲ. ನಾನು ಪೇಪರ್ ಬಿಟ್ಟು ಗೊಣಗುತ್ತ ಎದ್ದು ಬರುತ್ತಿದ್ದೆ. "ಬಿಗಿ ಹಿಡೀರಿ, ಕೈಯಾಗ ಜೀವ ಇಲ್ಲೇನು?" ಅನ್ನುತ್ತಿದ್ದಳು.

ಅವಳು ತೀರಿಕೊಂಡ ವಾರ ಚೀಲ ಮನೆಯಲ್ಲೇ ಉಳಿದಿತ್ತು. ಒಗೆದಿದ್ದಳು, ಇಸ್ತ್ರಿ ಆಗಿರಲಿಲ್ಲ. ನೆಂಟರೆಲ್ಲ ಹೋದ ಮೇಲೆ ಮೊಳೆಯಲ್ಲಿ ತೂಗುತ್ತಿದ್ದ ಆ ಚೀಲ ಕಣ್ಣಿಗೆ ಬಿತ್ತು. ನನಗೆ ತಿಳಿದ ಹಾಗೆ ಇಸ್ತ್ರಿ ಮಾಡಿ ಭಾನುವಾರ ಸಿಸ್ಟರಿಗೆ ಒಪ್ಪಿಸಿದೆ. ಅವರು ಅದನ್ನು ತೆಗೆದುಕೊಂಡರು, ನನ್ನ ಮುಖ ನೋಡಿದರು, ಅತ್ತರು, ಅಳುತ್ತಲೇ ರೂಢಿಯ ಪ್ರಕಾರ ಆ ವಾರದ ಚೀಲವನ್ನು ನನ್ನ ಕೈಗಿಟ್ಟರು. ನಾನೂ ರೂಢಿಯ ಪ್ರಕಾರ ಸ್ಕೂಟರಿಗೆ ನೇತು ಹಾಕಿಕೊಂಡು ಹೊರಟೆ. ಅರ್ಧ ದಾರಿಗೆ ಬಂದಾಗ ನೆನಪಾಯಿತು, ಇದನ್ನು ಒಗೆಯುವವಳು ಮನೆಯಲ್ಲಿಲ್ಲ.

ವಾಪಸು ಕೊಡಬಹುದಿತ್ತು. ಆದರೆ ಈ ಚೀಲವೂ ಬರುವುದು ನಿಂತರೆ ಅವಳು ಮನೆಯಿಂದ ಪೂರ್ತಿ ಹೋದ ಹಾಗೆ ಅನ್ನಿಸಿ ಹೆದರಿಕೆಯಾಯಿತು. ಅದೂ ಅಲ್ಲದೆ, ಆ ವರ್ಷಗಳಲ್ಲಿ ಅದಿರಿನ ಲಾರಿಗಳ ನಡುವೆ ಸ್ಕೂಟರ್ ತಿರುಗಿಸುವುದಕ್ಕಿಂತ ಬಟ್ಟೆ ಒಗೆಯುವುದೇ ಸುಲಭ ಅನ್ನಿಸಿತು. ಜನ್ಮದಲ್ಲಿ ಒಂದು ಕರ್ಚೀಫು ಒಗೆಯದವನಿಗೆ ಹಾಗೆ ಅನ್ನಿಸುವುದು ಸಹಜ.

೨. ಗಂಟೆ

ಬೇರೆ ಯಾರೂ ಇರಲಿಲ್ಲವೇ ಅಂತ ಕೇಳಬಹುದು. ಇರಲಿಲ್ಲ. ಸಂಡೂರಿನ ಗುಡ್ಡದ ಕಬ್ಬಿಣದ ಮಣ್ಣಿಗೆ ಬೆಲೆ ಬಂದಿದ್ದೇ ಬಂದಿದ್ದು, ನಮ್ಮ ಸೇವಾ ಮಂಡಳಿಯ ಗಂಡಸರೆಲ್ಲ ಲಾರಿ ಇಟ್ಟರು. ಗಾಯನವೃಂದದ ತಬಲಾದವನು ಟಿಪ್ಪರ್ ಕೊಂಡ. ಶನಿವಾರ ಚರ್ಚು ಗುಡಿಸುವ ಪಾಳಿ ಇದ್ದವನಿಗೆ ಮೂರು ಲಾರಿಯಾದವು. ಆದರೂ ಅವನು ಒಳ್ಳೆಯವನು, ಪಾಳಿ ತಪ್ಪಿಸಲಿಲ್ಲ. ತನ್ನ ಬದಲು ಡ್ರೈವರನ್ನು ಕಳಿಸಿದ.

ಡ್ರೈವರ್ ಕಂಪ್ಲಿ ಕಡೆಯವನು, ಚರ್ಚಿನ ಒಳಗೆ ಕಾಲಿಟ್ಟಿದ್ದು ಅದೇ ಮೊದಲು. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಪೂಜೆ ಶುರುವಾಯಿತೆಂದು ತಿಳಿಸಲು ನಮ್ಮಲ್ಲಿ ಒಂದು ಗಂಟೆ ತೂಗು ಹಾಕಿದೆ. ದೇವರ ಮನೆಗೆ ಬಂದ ಮೇಲೆ ಗಂಟೆ ಬಾರಿಸದೆ ಇರಲಾಗುತ್ತದೆಯೇ? ಭಕ್ತಿಯಿಂದ ಮೂರು ಸಲ ಬಾರಿಸಿದ. ಪಾಪನಿವೇದನೆಗೆ ಕಾದು ಕೂತಿದ್ದ ಹದಿನೈದು ಜನ ದಡಬಡ ಎದ್ದು ನಿಂತು ಪ್ರವೇಶಗೀತೆ ಶುರು ಮಾಡಿದರು. ನಮ್ಮ ಫಾದರ್ ಮಂಗಳೂರು ಕಡೆಯವರು, ಪಾಪನಿವೇದನೆಯ ಪೆಟ್ಟಿಗೆಯಿಂದ ತಲೆ ಹೊರಗೆ ಹಾಕಿ, "ಇದೆಂತ ಮಾರಾಯ್ರೆ, ನಾನು ಇಲ್ಲಿದ್ದೇನೆ, ಅಲ್ಲಿ ಪೂಜೆ ಕೊಡುವುದು ಯಾರು?" ಅಂದರು.

ಡ್ರೈವರ್ ಪೊರಕೆ ಹಿಡಿದು ಕೈ ಮುಗಿದ. "ನಾನ್ರಿ. ಕಸ ಹೊಡ್ಯಾಕ ಬಂದೀನ್ರಿ. ನೀವು ಹಾಡ್ರಿ, ನಂದೇನ್ ಅಡ್ಡಿ ಇಲ್ಲ."

೩. ಕರಿಬೇವು

ಹೀಗೆ ಒಗೆಯುವ ಕೆಲಸ ನನ್ನದೇ ಆಯಿತು. ಅದಕ್ಕೊಂದು ನಿಯಮವಿದೆ. ಪೂಜೆಯಲ್ಲಿ ಪಾನಪಾತ್ರೆ ಒರೆಸುವ ಚಿಕ್ಕ ಬಟ್ಟೆಗಳಲ್ಲಿ ಪರಮಪ್ರಸಾದದ, ಅಂದರೆ ನಮ್ಮ ನಂಬಿಕೆಯಂತೆ ಸಾಕ್ಷಾತ್ ಸ್ವಾಮಿಯ ಶರೀರದ, ಒಂದು ಕಣ ಉಳಿದಿದ್ದರೂ ಉಳಿದಿರಬಹುದು. ಆದ್ದರಿಂದ ಅವುಗಳ ಮೊದಲ ನೀರನ್ನು ಮೋರಿಗೆ ಚೆಲ್ಲುವ ಹಾಗಿಲ್ಲ, ಮಣ್ಣಿಗೆ ಹಾಕಬೇಕು. ನನ್ನ ಹೆಂಡತಿ ಹಿತ್ತಲಿನ ಕರಿಬೇವಿನ ಬುಡಕ್ಕೆ ಹಾಕುತ್ತಿದ್ದಳು. ಒಂದು ಜಪಮಾಲೆ ಮುಗಿಯುವಷ್ಟು ಹೊತ್ತು ನೆನೆಸಬೇಕು. ಅವಳಿಗೆ ಅದೇ ಗಡಿಯಾರ. ನಾನೂ ಜಪ ಮಾಡುತ್ತ ನಿಂತು, ತಂಬಿಗೆಯಲ್ಲಿ ನೀರು ಹಾಕುವಾಗ ಪಕ್ಕದ ಮನೆಯ ಅವ್ವ ಗೋಡೆಯಾಚೆಯಿಂದ ನೋಡಿದಳು. ಅಕ್ಕಿ ಅಂಗಡಿಯವರ ಮನೆಯ ಹಿರಿಯಳು ಅವಳು, ಹಣೆ ತುಂಬ ವಿಭೂತಿ.

"ಏನ್ ತಮ್ಮಾ, ಗಿಡಕ್ಕ ಮಂತ್ರ ಹೇಳಾಕತ್ತಿ?"

ನಾನು ವಿಷಯ ಬಿಡಿಸಿ ಹೇಳಿದೆ. ಅವಳ ಕೈ ಎದೆಗೆ ಹೋಯಿತು. "ಅಯ್ಯ ಶಿವನ! ಇಪ್ಪತ್ತ್ ವರ್ಷದಿಂದ ದಿನಾ ಅದರ ಎಲಿ ಕಿತ್ತು ಒಗ್ಗರಣಿ ಹಾಕೀನಲ್ಲೋ! ನಿನ್ನ ಹೇಣ್ತಿ ಒಂದ್ ಮಾತ್ ಹೇಳಬಾರ್ದಾ?"

ನನಗೆ ದಿಗಿಲಾಯಿತು. ಸುಮ್ಮನಿದ್ದ ಹೆಂಗಸಿಗೆ ಇಲ್ಲದ ಸಂಕಟ ತಂದಿಟ್ಟೆನಲ್ಲ ಎಂದು ನೊಂದುಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ಕರಿಬೇವಿನ ಬುಡಕ್ಕೆ ಅರಿಶಿನ ಕುಂಕುಮ ಬಿದ್ದಿತ್ತು. ಅವ್ವ ಚಪ್ಪಲಿ ಕಳಚಿಟ್ಟು ಎಲೆ ಕೀಳುತ್ತಿದ್ದಳು.

"ಇಷ್ಟ್ ದಿನ ಕೇಳದ ಕಿತ್ತಿದ್ದೆ, ಅದು ತಪ್ಪು" ಎಂದಳು. "ಇವತ್ತ್ ಕೇಳೀನಿ. ಮಜ್ಜಿಗಿ ಸಾರಿಗೆ ನಾಕ್ ಎಲಿ ಸಾಕಪ್ಪಾ ಅಂದೆ. ನಿಮ್ಮ ಸ್ವಾಮಿ ಹೂಂ ಅಂದಾನ."

೪. ರಕ್ತಸಾಕ್ಷಿ

ಒಗೆಯುವುದು ಹೇಗೋ ಬಂತು. ಒಣಗಿಸುವುದು ಬರಲಿಲ್ಲ. ಹೊಸಪೇಟೆಯಲ್ಲಿ ಆಗ ಅದಿರಿನ ಧೂಳಿನಿಂದ ಗಾಳಿಗೂ ಬಣ್ಣವಿತ್ತು. ರಸ್ತೆ ಬದಿಯ ಬೇವಿನ ಮರ ಕೆಂಪು, ಎಮ್ಮೆ ಕೆಂಪು, ಮೂಗೊರೆಸಿದರೆ ಕರ್ಚೀಫೂ ಕೆಂಪು. ನನ್ನ ಹೆಂಡತಿ ಬಟ್ಟೆಗಳನ್ನು ಒಳಗೆ ಫ್ಯಾನಿನ ಕೆಳಗೆ ಒಣಗಿಸುತ್ತಿದ್ದಳಂತೆ. ನಾನು ಅದೇ ಮನೆಯಲ್ಲಿ ಅದೇ ಫ್ಯಾನಿನ ಕೆಳಗೆ ಕೂತಿದ್ದರೂ ಗಮನಿಸಿರಲಿಲ್ಲ. ಸೀದಾ ಮಾಳಿಗೆ ಮೇಲೆ ಹಾಕಿದೆ. ಸಂಜೆಗೆ ಬಟ್ಟೆ ದಾಸವಾಳದ ಬಣ್ಣಕ್ಕೆ ಬಂದಿತ್ತು. ಮತ್ತೆ ಒಗೆಯಲು ಹೊತ್ತಿರಲಿಲ್ಲ. ದೂರದಿಂದ ಯಾರಿಗೆ ಗೊತ್ತಾಗುತ್ತದೆ ಅಂತ ಹಾಗೇ ಕೊಟ್ಟುಬಿಟ್ಟೆ.

ನಮ್ಮಲ್ಲಿ ಗುರುಗಳು ಪೂಜೆಗೆ ತೊಡುವ ಮೇಲುಡುಗೆಗೆ ಬಣ್ಣಗಳ ನಿಯಮವಿದೆ. ಸಾಧಾರಣ ಭಾನುವಾರಕ್ಕೆ ಹಸಿರು, ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಹಬ್ಬಕ್ಕೆ ಕೆಂಪು. ಬಲಿಪೀಠದ ಬಟ್ಟೆ ಮಾತ್ರ ಯಾವಾಗಲೂ ಬಿಳಿ. ಆ ಭಾನುವಾರ ನಮ್ಮ ಫಾದರ್ ಚೋರನೂರಿನ ಕಡೆ ಹೋಗಿದ್ದರು. ಬದಲಿಗೆ ಬಂದವರು ನಿವೃತ್ತ ಗುರುಗಳು, ವಯಸ್ಸಾದವರು, ಕಣ್ಣು ಮಂಜು. ಅವರು ಬಲಿಪೀಠದ ಕಡೆ ಒಮ್ಮೆ ನೋಡಿದರು, ಓಹೋ ಎಂದರು, ಒಳಗೆ ಹೋಗಿ ಹಸಿರು ಕಳಚಿ ಕೆಂಪು ತೊಟ್ಟು ಬಂದರು. ಪ್ರವಚನವನ್ನೂ ರಕ್ತಸಾಕ್ಷಿಗಳ ಮೇಲೆಯೇ ಮಾಡಿದರು. ನಿಜ ಹೇಳಬೇಕೆಂದರೆ ಅಷ್ಟು ಚಂದದ ಪ್ರವಚನ ನಾನು ಕೇಳಿಲ್ಲ. ಎರಡು ಮೂರು ಜನ ಕಣ್ಣೊರೆಸಿಕೊಂಡರು.

ನಮ್ಮ ಸೇವಾ ಮಂಡಳಿಯ ಅಧ್ಯಕ್ಷೆ ಟೀಚರಮ್ಮ. ಕಂಪ್ಲಿಯಲ್ಲಿ ಹೆಡ್ ಮಿಸ್ ಆಗಿ ನಿವೃತ್ತರಾದವರು, ಮದುವೆ ಆಗಲಿಲ್ಲ. ಯಾರ ತಪ್ಪನ್ನೂ ತಿದ್ದದೆ ಬಿಟ್ಟವರಲ್ಲ. ಚರ್ಚಿನ ನೋಟಿಸ್ ಬೋರ್ಡಿಗೂ ಕೆಂಪು ಪೆನ್ನಿನ ಗುರುತು ಹಾಕುತ್ತಾರೆ. ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಒಬ್ಬರು ಅವರನ್ನು ಕೇಳಿದರು, "ಟೀಚರಮ್ಮ, ಇವತ್ತಿನ ರಕ್ತಸಾಕ್ಷಿ ಯಾರ್ರಿ?"

ಟೀಚರಮ್ಮ ನನ್ನ ಕಡೆ ಬೊಟ್ಟು ಮಾಡಿದರು. "ಇವರ ಕೈಯಾಗ ಸಿಕ್ಕ ಬಟ್ಟಿ."

೫. ಗಂಜಿ

ಇದಾದ ಮೇಲೆ ಹುಷಾರಾದೆ. ಫ್ಯಾನಿನ ಕೆಳಗೇ ಒಣಗಿಸಿದೆ. ಆದರೆ ಬಟ್ಟೆ ಮೆತ್ತಗಿದೆ, ನಿಲ್ಲುವುದಿಲ್ಲ ಅಂತ ಟೀಚರಮ್ಮ ಹೇಳಿ ಕಳಿಸಿದರು. ಗಂಜಿ ಹಾಕಬೇಕಿತ್ತು. ಒಂಟಿ ಮನುಷ್ಯ ನಾನು, ಮಧ್ಯಾಹ್ನ ಅನ್ನ ಬಸಿದ ಗಂಜಿಯನ್ನು ಉಪ್ಪು ಹಾಕಿ ಕುಡಿಯಲು ಎತ್ತಿಟ್ಟಿದ್ದೆ. ಗಂಜಿ ಅಂದರೆ ಗಂಜಿ, ಅದರಲ್ಲೇ ಅದ್ದಿದೆ. ಬಟ್ಟೆಗಳು ತಗಡಿನ ಹಾಗೆ ನಿಂತವು. ಫಿಟರ್ ಆಗಿ ನನಗೆ ಭಾಳ ಸಂತೋಷವಾಯಿತು.

ಭಾನುವಾರ ಪಾನಪಾತ್ರೆ ಒರೆಸಿದ ಬಟ್ಟೆಯಲ್ಲೇ ಫಾದರ್ ತುಟಿ ಒರೆಸಿಕೊಂಡರು. ಅವರ ಮುಖ ಒಂದು ಕ್ಷಣ ಬದಲಾಯಿತು. ಪೂಜೆ ನಿಲ್ಲಿಸಲಿಲ್ಲ, ದೊಡ್ಡ ಮನುಷ್ಯ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಬಟ್ಟೆಯನ್ನು ತೋರಿಸಿ ಮೆಲ್ಲಗೆ ಹೇಳಿದರು, "ರುಚಿ ಒಳ್ಳೆಯದುಂಟು. ಮುಂದಿನ ವಾರ ಸ್ವಲ್ಪ ಉಪ್ಪಿನಕಾಯಿಯೂ ಕಳಿಸಿ."

ಫಾದರ್ ನಕ್ಕು ಬಿಟ್ಟರು. ಟೀಚರಮ್ಮ ಬಿಡಲಿಲ್ಲ. ಈಸ್ಟರಿಗೆ ಎರಡು ವಾರ ಇರುವಾಗ ಮಂಡಳಿಯ ಸಭೆಯಲ್ಲಿ ಎದ್ದು ನಿಂತರು.

"ಸೇವಾ ಅಂದ್ರ ಮನಸ್ಸಿದ್ರ ಸಾಲ್ದು, ಕೆಲ್ಸಾನೂ ಬರಬೇಕು. ಈಸ್ಟರಿನ ಬಟ್ಟಿ ಇವರ ಕೈಗೆ ಕೊಡಬ್ಯಾಡ್ರಿ. ಇನ್ನ ಮ್ಯಾಲೆ ಎಲ್ಲಾ ಲಾಂಡ್ರಿಗೆ ಹಾಕೋಣ."

ಈಸ್ಟರಿನ ಬಟ್ಟೆ ಎಂದರೆ ನನ್ನ ಹೆಂಡತಿ ಸ್ವತಃ ಗೋಧಿ ತೆನೆ, ದ್ರಾಕ್ಷಿಗೊಂಚಲುಗಳ ಕಸೂತಿ ಹಾಕಿದ್ದು. ವರ್ಷಕ್ಕೊಮ್ಮೆ ಮಾತ್ರ ಹೊರಗೆ ಬರುತ್ತದೆ. ಸಭೆಯಲ್ಲಿ ಎಂದೂ ಮಾತಾಡದವನು ಎದ್ದು, "ಅದೊಂದು ಬಟ್ಟಿ ನನಗ ಬಿಡ್ರಿ" ಅಂದೆ. ಫಾದರ್ ನೆಲ ನೋಡಿದರು. ಟೀಚರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಆತು. ಅದು ಬೆಳ್ಳಗ ಬಂದ್ರ ಚೀಲ ನಿಮ್ದು. ಇಲ್ಲಂದ್ರ ಲಾಂಡ್ರಿಗೆ. ಮತ್ತ ನಾನು ಮುಂದ ನಿಂತು ನೋಡಾಕಿ."

ಪರೀಕ್ಷೆಗೆ ಇನ್ವಿಜಿಲೇಟರ್ ಬೇರೆ.

೬. ಕಡ್ಡಿರಾಂಪುರ

ವಾರದ ಬಟ್ಟೆಯನ್ನು ಮಡಚಿ ಫ್ಯಾನಿನ ಕೆಳಗೆ ಹಾಕಬಹುದು, ಈ ಕಸೂತಿಯ ಬಟ್ಟೆಯನ್ನು ಪೂರ್ತಿ ಹರಡಿ ಒಣಗಿಸಬೇಕು, ಅಲ್ಲಿ ಹಿಡಿಸುವುದಿಲ್ಲ. ಹೊರಗೆ ಒಣಗಿಸಿದರೆ ರಕ್ತಸಾಕ್ಷಿ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಅವಳು ಹೋದ ಮೇಲೆ ದೊಡ್ಡ ಬಟ್ಟೆ ಮಡಚುವಾಗ ಆ ಕಡೆಯ ತುದಿಯನ್ನು ನಾನು ಕಿಟಕಿಯ ಸರಳಿಗೆ ಕಟ್ಟುತ್ತಿದ್ದೆ. ಕಿಟಕಿ ಬಿಗಿಯಾಗೇನೋ ಹಿಡಿಯುತ್ತದೆ. ಆದರೆ ಮಡಚುವಾಗ ಎರಡು ಹೆಜ್ಜೆ ಮುಂದೆ ಬರುವುದಿಲ್ಲ. ಎಷ್ಟು ಸರ್ಕಸ್ ಮಾಡಿದರೂ ಮಡಿಕೆ ಸೊಟ್ಟ. ಮಡಚುತ್ತ ಮಡಚುತ್ತ ಆ ಕಿಟಕಿಯ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಕಿಟಕಿಯ ಮೇಲೆ ಅಲ್ಲ ಅಂತ ನನಗೂ ಗೊತ್ತಿತ್ತು.

ಪಕ್ಕದ ಮನೆಯ ಅವ್ವ ದಾರಿ ತೋರಿಸಿದಳು. "ನನ್ನ ತವರು ಕಡ್ಡಿರಾಂಪುರದಾಗ ಐತಿ. ತಮ್ಮನ ಬಾಳಿತೋಟ, ಪಂಪಿನ ನೀರು, ಧೂಳಿಲ್ಲ. ಅಲ್ಲಿ ಹೋಗಿ ಒಗಿ ಹೋಗು. ಮೊದ್ಲನೇ ನೀರು ಬಾಳಿಗೆ ಹಾಕು, ತಮ್ಮನ ಗೊನಿ ಚಲೋ ಬರ್ಲಿ."

ಈಸ್ಟರಿನ ಹಿಂದಿನ ಬುಧವಾರ ಬೆಳಿಗ್ಗೆ ನಾನು ಸ್ಕೂಟರಿನಲ್ಲಿ, ಟೀಚರಮ್ಮ ಹಿಂದೆ ಆಟೋದಲ್ಲಿ, ಕೊಡೆ ಸಮೇತ. ತೋಟ ಹಂಪಿಗೆ ಹೋಗುವ ರಸ್ತೆಗೆ ಹತ್ತಿಕೊಂಡೇ ಇತ್ತು. ಬಟ್ಟೆ ನೆನೆಸಿದೆ, ಜಪಮಾಲೆ ಮುಗಿಸಿದೆ, ಮೊದಲ ನೀರನ್ನು ಬಾಳೆಯ ಬುಡಕ್ಕೆ ಹಾಕಿದೆ. ಉಪ್ಪಿಲ್ಲದ ಗಂಜಿ, ಟೀಚರಮ್ಮ ಬೆರಳು ಅದ್ದಿ ರುಚಿ ನೋಡಿಯೇ ಬಿಟ್ಟರು. ಬಟ್ಟೆ ಬೆಳ್ಳಗೆ ಬಂತು, ಕಣ್ಣು ಕೋರೈಸುವ ಹಾಗೆ. ಅರ್ಧ ಒಣಗಿದ ಮೇಲೆ ಸುಕ್ಕು ಹೋಗುವಂತೆ ಎಳೆದು ಹಿಡಿಯಬೇಕು. ನಾನು ತುದಿ ಕಟ್ಟಲು ಮರ ಹುಡುಕುತ್ತಿದ್ದೆ.

"ಮರ ಯಾಕ್ರಿ, ನಾನಿಲ್ಲೇನು?" ಎಂದು ಟೀಚರಮ್ಮ ಕೊಡೆ ಕೆಳಗಿಟ್ಟು ಆ ಕಡೆಯ ತುದಿ ಹಿಡಿದರು.

ಅಷ್ಟರಲ್ಲಿ ರಸ್ತೆಯಲ್ಲಿ ಸೈಕಲ್‌ಗಳು ನಿಂತವು. ನಾಲ್ಕು ಜನ ಬಿಳಿಯರು, ಜೊತೆಗೊಬ್ಬ ಗೈಡ್. ಹಂಪಿ ಬಜಾರಿನಲ್ಲಿ ಬೆಳಿಗ್ಗೆಯಿಂದ ಕಲ್ಲು ತೋರಿಸಿ ಸುಸ್ತಾಗಿದ್ದ ಅಂತ ಕಾಣುತ್ತದೆ, ಜೀವಂತ ಮನುಷ್ಯರು ಸಿಕ್ಕಿದ್ದೇ ಉತ್ಸಾಹ ಬಂತು. ನಮ್ಮ ಕಡೆ ಕೈ ಮಾಡಿ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ವಿವರಿಸತೊಡಗಿದ. ಇದು ಈ ಸೀಮೆಯ ಪುರಾತನ ಸಂಪ್ರದಾಯ. ಗಂಡ ಹೆಂಡತಿ ವರ್ಷಕ್ಕೊಮ್ಮೆ ತಮ್ಮ ಮದುವೆಯ ಬಟ್ಟೆ ಒಗೆದು, ಬಾಳೆಗೆ ನೀರೆರೆದು, ಹೀಗೆ ಎರಡು ತುದಿ ಹಿಡಿದು ನಿಂತರೆ ಮುಂದಿನ ಒಂದು ವರ್ಷ ಅವರ ನಡುವೆ ಜಗಳ ಇರುವುದಿಲ್ಲ.

ನನ್ನ ವರ್ಕ್‌ಶಾಪಿನ ಇಂಗ್ಲಿಷಿಗೆ ಅರ್ಧ ತಿಳಿಯಿತು. ಟೀಚರಮ್ಮನಿಗೆ ಪೂರ್ತಿ ತಿಳಿಯಿತು. ಗಂಡ ಹೆಂಡತಿ ಎಂಬ ಮಾತು ಬಂದದ್ದೇ ಅವರ ಎರಡೂ ಕೈಯ ಹಿಡಿತ ಬಿಟ್ಟುಹೋಯಿತು. ಬಟ್ಟೆಯ ಆ ತುದಿ ಸೀದಾ ನೀರಿನ ಕಾಲುವೆಯ ಕೆಸರಿಗೆ ಬಿತ್ತು.

ಇದೂ ಸಂಪ್ರದಾಯದ ಭಾಗ ಎಂದುಕೊಂಡು ಬಿಳಿಯರು ಚಪ್ಪಾಳೆ ತಟ್ಟಿದರು.

ಟೀಚರಮ್ಮ ಬದು ದಾಟಿ ಹೋಗಿ ಗೈಡಿಗೆ ಐದು ನಿಮಿಷ ಇಂಗ್ಲಿಷಿನಲ್ಲಿ ಪಾಠ ಮಾಡಿದರು. ಅವನು ಎರಡು ಕೈ ಕಟ್ಟಿಕೊಂಡು ಕೇಳಿ, ಕೊನೆಗೆ ಕನ್ನಡದಲ್ಲಿ, "ಸಾರಿ ಮೇಡಂ, ತಪ್ಪಾತು. ಈಗ ಜಗಳಾನೂ ಆತಲ್ರಿ, ಇವರಿಗೆ ಏನ್ ಹೇಳ್ಲಿ?" ಅಂದ.

ಅವರೆಲ್ಲ ಹೋದ ಮೇಲೆ ಟೀಚರಮ್ಮ ಬದುವಿನ ಮೇಲೆ ಕೂತುಬಿಟ್ಟರು. ಒಂದು ಚುಚ್ಚುಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಬಟ್ಟೆ ಹಾಳಾದದ್ದು ಅವರ ಕೈಯಿಂದ, ಲಾಂಡ್ರಿಯ ಮಾತು ಇನ್ನು ಅವರು ಎತ್ತುವ ಹಾಗಿಲ್ಲ. ಆದರೆ ಅವರು ಅಳುತ್ತಿದ್ದರು. ನೋಟಿಸ್ ಬೋರ್ಡ್ ತಿದ್ದುವ ಹೆಂಗಸು ಅಳುವುದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ನಿಮಗ ಶನಿವಾರ ಶಿಫ್ಟ್ ಇದ್ದಾಗ ಈ ತುದಿ ನಾನ ಹಿಡೀತಿದ್ದೆ" ಎಂದರು. "ಇಪ್ಪತ್ತ್ ವರ್ಷ. ಆಕಿ ನಿಮಗ ಹೇಳಿಲ್ಲೇನು? ಆಕಿ ಹ್ವಾದ ಮ್ಯಾಲೆ ಪ್ರತಿ ಭಾನುವಾರ ಆ ಸೊಟ್ಟ ಮಡಿಕಿ ನೋಡಿದ್ರ ನನಗ ತಡ್ಕೊಳ್ಳಾಕ ಆಗ್ತಿದ್ದಿಲ್ಲ. ಲಾಂಡ್ರಿಗೆ ಹಾಕಿದ್ರ ಕಣ್ಣಿಗೆ ಬೀಳಂಗಿಲ್ಲ ಅಂದ್ಕೊಂಡೆ."

ಇಷ್ಟು ದಿನ ಅವಳು ನನಗೊಬ್ಬನಿಗೇ ಇಲ್ಲವಾದಳು ಎಂದು ತಿಳಿದಿದ್ದೆ. ನಾಚಿಕೆಯಾಯಿತು. ಬಕೆಟ್ ಎತ್ತಿಕೊಂಡು, "ಏಳ್ರಿ ಟೀಚರಮ್ಮ, ಇನ್ನೊಮ್ಮೆ ಒಗಿಯೋಣ" ಅಂದೆ.

ಇನ್ನೂ ಎರಡು ಸಲ ಒಗೆದೆವು. ಒಂದು ಮೂಲೆಯಲ್ಲಿ ಹುಣಸೆಬೀಜದಷ್ಟು ಕಲೆ ಉಳಿಯಿತು. ಈಸ್ಟರ್ ಭಾನುವಾರ ಬೆಳಿಗ್ಗೆ ಟೀಚರಮ್ಮ ಸರಿಯಾಗಿ ಅದರ ಮೇಲೆ ಹೂದಾನಿ ಇಟ್ಟರು. ಫಾದರ್, "ಎಷ್ಟು ಬೆಳ್ಳಗೆ ಮಾರಾಯ್ರೆ!" ಎಂದರು. ಟೀಚರಮ್ಮ, "ಪರವಾಗಿಲ್ಲ" ಎಂದರು. ಅವರ ಸರ್ವಿಸಿನಲ್ಲಿ ಅದಕ್ಕಿಂತ ಹೆಚ್ಚು ಮಾರ್ಕ್ಸ್ ಯಾರಿಗೂ ಸಿಕ್ಕಿಲ್ಲವಂತೆ. ಚೀಲ ನನ್ನಲ್ಲೇ ಉಳಿಯಿತು. ಮುಂದಿನ ಶನಿವಾರದಿಂದ ಪ್ರತಿ ವಾರ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಟೀಚರಮ್ಮ ಬರುತ್ತಾರೆ, ಪಕ್ಕದ ಮನೆಯ ಅವ್ವ ಗೋಡೆಯ ಮೇಲಿಂದ ಮೇಲ್ವಿಚಾರಣೆ ಮಾಡುತ್ತಾಳೆ, ನಾವಿಬ್ಬರೂ ಬಟ್ಟೆ ಮಡಚುತ್ತೇವೆ. "ಬಿಗಿ ಹಿಡೀರಿ, ಕೈಯಾಗ ಜೀವ ಇಲ್ಲೇನು?" ಎಂದು ಅವರು ಗದರಿದ ಮೊದಲ ದಿನ ನಾನು ಗೊಣಗಲಿಲ್ಲ. ಈ ಮಾತು ಯಾರಿಂದ ಯಾರು ಕಲಿತರೋ, ಇವತ್ತಿಗೂ ನಾನು ಕೇಳಿಲ್ಲ.

ಮರುವರ್ಷ ಈಸ್ಟರಿನ ಹಿಂದಿನ ಬುಧವಾರ ಮತ್ತೆ ಅದೇ ತೋಟಕ್ಕೆ ಹೋದೆವು. ಬಟ್ಟೆಯ ಎರಡು ತುದಿ ಹಿಡಿದು ನಿಂತಿದ್ದೇವೆ, ರಸ್ತೆಯಲ್ಲಿ ಹನ್ನೆರಡು ಸೈಕಲ್! ಮುಂದೆ ಅದೇ ಗೈಡ್. ನಮ್ಮನ್ನು ನೋಡಿದ್ದೇ ಮುಖ ಅರಳಿತು.

"ಬಂದ್ರ್ಯಾ! ಸಿಗ್ತೀರೋ ಇಲ್ಲೋ ಅಂತ ಬೆಳಿಗ್ಗಿಯಿಂದ ಎರಡ್ ಸಲ ಬಂದ್ ಹೋಗೀನ್ರಿ" ಎಂದವನು ಟೀಚರಮ್ಮನ ಮುಂದೆ ಬಂದು ಕೈ ಕಟ್ಟಿ ನಿಂತ. "ಮೇಡಂ, ಈ ಸಲ ತಪ್ಪು ಹೇಳಂಗಿಲ್ಲ. ನೀವ ಹೇಳಿಬಿಡ್ರಿ. ಈ ಪದ್ಧತಿ ಯಾರ ಕಾಲದಿಂದ ನಡಕೊಂಡ್ ಬಂದೈತಿ?"

ಟೀಚರಮ್ಮ ನನ್ನ ಕಡೆ ನೋಡಿ, "ಇವರ ಹೇಣ್ತಿ ಕಾಲದಿಂದ" ಎಂದರು.

ಗೈಡ್ ತುಸು ಹೊತ್ತು ಯೋಚಿಸಿದ. ಆಮೇಲೆ ಆ ಹನ್ನೆರಡು ಜನರ ಕಡೆ ತಿರುಗಿ, ಕೈ ಎತ್ತಿ, ಗಂಭೀರವಾಗಿ ಇಂಗ್ಲಿಷಿನಲ್ಲಿ ಸಾರಿದ: ಇದು ಇಲ್ಲಿಯ ಒಬ್ಬ ಮಹಾರಾಣಿಯ ಕಾಲದಿಂದ ನಡೆದು ಬಂದದ್ದು. ಹನ್ನೆರಡು ಜನರೂ ಟೋಪಿ ತೆಗೆದರು.

ಟೀಚರಮ್ಮ ಬಾಯಿ ತೆರೆದರು. ಇನ್ನೇನು ಪಾಠ ಶುರು ಅಂತ ನಾನು ಕಾದೆ.

"ಬಿಗಿ ಹಿಡೀರಿ" ಎಂದರು ನನಗೆ. ಅವನನ್ನು ತಿದ್ದಲಿಲ್ಲ.